ಬಾಲಪಠನಮೀಮಾಂಸೆ, ಅಥವಾ ಬೇಸಗೆಯ ರಜೆಯಲ್ಲಿ ಓದಿನ ಪ್ರಮಾಣವಿಚಾರ

ಏಪ್ರಿಲ್ ತಿಂಗಳ ಎರಡನೆಯ ವಾರದಿಂದ ಮೇ ತಿಂಗಳ ಕಡೆಯವರೆಗೆ ನಮ್ಮ ನಾಡಿನ ಶಾಲೆಗಳಿಗೆ ಬೀಗ ಬಿದ್ದಿರುವ ಅವಧಿಯಲ್ಲಿ ಬಾಲಕರು ಪುಸ್ತಕವನ್ನು ಓದುವರೇ, ಓದದಿದ್ದರೆ ಓದಿಸುವ ಬಗೆ ಯಾವುದು, ಓದುತ್ತಿರುವಂತೆ ಕಂಡರೆ ಅದು ಓದೇ ಹೌದೆಂದು ನಿಶ್ಚಯಿಸುವುದು ಹೇಗೆ ಎಂಬ ಮೂರು ಪ್ರಶ್ನೆಗಳಲ್ಲಿ ಮೊದಲೆರಡನ್ನು ತಾಯಿತಂದೆಗಳು ವರ್ಷವರ್ಷವೂ ಉಚ್ಚಸ್ವರದಲ್ಲಿ ಚರ್ಚಿಸುತ್ತಲೇ ಬಂದಿರುವುದರಿಂದ, ನಾವು ಮೂರನೆಯದನ್ನು ಮಾತ್ರ ಕೈಗೆತ್ತಿಕೊಂಡಿದ್ದೇವೆ. ಮಕ್ಕಳಿಗೆ ಓದೆಂದು ವಿಧಿಸಿ, ಊಟವಾದೊಡನೆ ಚಾಪೆಯ ಮೇಲೆ ಪವಡಿಸುವ ಗೃಹಸ್ಥರೆಲ್ಲರೂ ಈ ಶಾಸ್ತ್ರಕ್ಕೆ ಅಧಿಕಾರಿಗಳು.

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠವೆಂದು ನೈಯಾಯಿಕರು ನಂಬಿದ್ದರು. ಅವರ ಮನೆಗಳಲ್ಲಿ ಮುಂದಿನ ತರಗತಿಯ ಗಣಿತಪುಸ್ತಕವನ್ನು ಎದೆಯೆತ್ತರಕ್ಕೆ ಹಿಡಿದು, ಅದರ ಒಡಲಲ್ಲಿ ರಟ್ಟು ಕಿತ್ತ ಹಳೆಯ ‘ಚಂದಮಾಮ’ವನ್ನು ಅಡಗಿಸಿಟ್ಟುಕೊಳ್ಳುವ ಹುಡುಗರು ಇರಲಿಲ್ಲವೆಂದು ತೋರುತ್ತದೆ. ಅನುಮಾನಪ್ರಮಾಣವೂ ಇಷ್ಟೇ ದುರ್ಬಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮದಲ್ಲಿ, ಕೋಣೆಯಲ್ಲಿ ಸದ್ದಿಲ್ಲ, ಆದುದರಿಂದ ಮಗು ಓದುತ್ತಿದೆ ಎಂದು ಸಿದ್ಧಾಂತಗೈದು ಬಾಗಿಲು ತೆರೆದವರಿಗೆ, ಆ ಮೌನದ ಕಾರಣವು ಅಪ್ಪನ ಮೊಬೈಲೋ, ಉಪ್ಪು ಹಾಕಿಟ್ಟ ಮಾವಿನ ಮಿಡಿಯ ಭರಣಿಯೋ ಆಗಿ ಗೋಚರಿಸಿದ ನಿದರ್ಶನಗಳು ಹೇರಳ. ಇನ್ನು ಶಬ್ದಪ್ರಮಾಣ. “ಓದಿದೆಯೇನೋ?” ಎಂದರೆ “ಹೂಂ” ಎಂಬ ಉತ್ತರವೇನೋ ಒಡನೆಯೇ ಬರುತ್ತದೆ, ಆದರೆ ಅದನ್ನು ಆಪ್ತವಾಕ್ಯವೆಂದು ಸ್ವೀಕರಿಸಿದ ತಂದೆಯನ್ನು ನಾವಿನ್ನೂ ಕಂಡಿಲ್ಲ.

ಇಲ್ಲಿಗೆ ನಿಲ್ಲದೆ ಆತನು “ಕಥೆಯಿಂದ ಏನು ನೀತಿ ಕಲಿತೆ, ಹೇಳು” ಎಂದು ಮುಂದುವರಿಯುತ್ತಾನೆ. 1947ರಲ್ಲಿ ಮದರಾಸಿನಲ್ಲಿ ಹುಟ್ಟಿದ ಆ ‘ಚಂದಮಾಮ’ದ ಪುಟಗಳಲ್ಲಿ ತಿಂಗಳು ತಿಂಗಳೂ ಬೇತಾಳನು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ವಿಕ್ರಮರಾಜನ ಮೌನವು ಭಂಗವಾದೊಡನೆ ಬೇತಾಳನು ಶವಸಮೇತನಾಗಿ ಮರವೇರುವಂತೆ, ನೀತಿಯು ಬಾಯಿಂದ ಹೊರಬಿದ್ದೊಡನೆ ಓದು ಅಟ್ಟವೇರುತ್ತದೆ, ಆ ರಜೆಯಲ್ಲಿ ಮತ್ತೆ ಕೆಳಗಿಳಿಯುವುದಿಲ್ಲ.

ಗ್ರಂಥಾಲಯಶಾಸ್ತ್ರಕ್ಕೆ 1931ರಲ್ಲಿ ಪಂಚಸೂತ್ರಗಳನ್ನು ನೀಡಿ, ಮುಂದೆ ಬೆಂಗಳೂರಿನಲ್ಲೇ ನೆಲಸಿದ ಎಸ್. ಆರ್. ರಂಗನಾಥನ್ ಅವರಲ್ಲಿ ನಮಗೆ ಪರಮಗೌರವವಿದ್ದರೂ, ಓದುಗನ ಕಾಲವನ್ನು ಉಳಿಸಬೇಕೆಂಬ ಅವರ ನಾಲ್ಕನೆಯ ಸೂತ್ರಕ್ಕೆ ಗ್ರೀಷ್ಮದಲ್ಲಿ ಅಪವಾದವನ್ನು ಹೇಳಲೇಬೇಕಾಗಿದೆ: ಒಂಬತ್ತು ವರ್ಷದ ಓದುಗನಿಗೆ ಉಳಿದು ರಾಶಿಬಿದ್ದಿರುವುದೇ ಕಾಲ, ಅದನ್ನು ಕಳೆಯಲು ನೆರವಾದಾತನೇ ಅವನ ಪಾಲಿಗೆ ಗ್ರಂಥಪಾಲಕ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದದ್ದು ಮಕ್ಕಳು ಯಾವ ಪುಟದಿಂದಲಾದರೂ ಒಳಹೊಕ್ಕು ಅಲೆಯಲೆಂದೇ ಇರಬೇಕು, ಅಂಥ ಪುಸ್ತಕಗಳನ್ನು ಕೊಳೆಯಾದೀತೆಂದು ಗಾಜಿನ ಬೀರುವಿನಲ್ಲಿಟ್ಟು ಬೀಗಹಾಕಿದ ಹಿರಿಯರ ದೂರದೃಷ್ಟಿಯೂ ಸ್ಮರಣೀಯವೇ, ಏಕೆಂದರೆ ಬೀಗದ ಕೈ ಎಲ್ಲಿದೆಯೆಂಬ ಅನ್ವೇಷಣೆಯಿಂದಲೇ ಅನೇಕರ ವಿದ್ಯಾಭ್ಯಾಸವು ಮೊದಲಾಯಿತು. 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಿಂದ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಟ್ಟವು. ಫ್ಯಾನಿನ ಕೆಳಗಿನ ಕುರ್ಚಿಯನ್ನು ಪತ್ರಿಕೆ ಓದುವ ಯಜಮಾನರಿಂದ ಬಿಡಿಸಿಕೊಡುವ ವಿಧಾನವನ್ನು ಮಾತ್ರ ಇನ್ನೂ ಯಾರೂ ನಿರೂಪಿಸಿಲ್ಲ.

ಹೀಗೆ ಮೂರು ಪ್ರಮಾಣಗಳೂ ಸೋತಿರಲು, ನಾವು ನಾಲ್ಕನೆಯದೊಂದನ್ನು ಪ್ರತಿಪಾದಿಸುತ್ತೇವೆ. ಅದರ ಹೆಸರು ಸಂಡಿಗೆ. ತಾರಸಿಯ ಮೇಲೆ ಹಳೆಯ ಸೀರೆಯೊಂದನ್ನು ಹಾಸಿ, ನಾಲ್ಕು ಮೂಲೆಗಳಿಗೂ ಕಲ್ಲು ಹೇರಿ, ಬಿಸಿ ಆರದ ಸಬ್ಬಕ್ಕಿಯ ಗಂಜಿಯನ್ನು ಅಜ್ಜಿಯು ಸೌಟಿನಿಂದ ಬಿಲ್ಲೆಬಿಲ್ಲೆಯಾಗಿ ಇಳಿಸಿ ಹೋದಮೇಲೆ, ನೀರಿನ ಟ್ಯಾಂಕಿನ ಗೇಣಗಲದ ನೆರಳಿನಲ್ಲಿ ಮೊಮ್ಮಗನನ್ನು ಕೋಲುಸಹಿತ ಕಾವಲಿಗೆ ಕೂರಿಸುವುದು ಲೋಕರೂಢಿ. ಕಾಗೆಯು ಮೊದಲು ಪ್ಯಾರಪೆಟ್ಟಿನ ಮೇಲೆ ಕುಳಿತು ಕತ್ತು ಓರೆಮಾಡಿ ಹುಡುಗನನ್ನು ನಿರೀಕ್ಷಿಸುತ್ತದೆ. ಆತನ ಕೈಯಲ್ಲಿ ಗಣಿತವಿದ್ದರೆ, ಅದು ರೆಕ್ಕೆಯನ್ನು ಕೆದರುವ ಮೊದಲೇ ಕೋಲು ಮೇಲೇಳುತ್ತದೆ, ನಷ್ಟ ಶೂನ್ಯ. ನೀತಿಕಥೆಗಳ ಸಂಗ್ರಹವಿದ್ದರೆ ಅಂಚಿನ ಒಂದೆರಡು ಬಿಲ್ಲೆ ಹೋದಾವು. ಬೇತಾಳನಿದ್ದರೋ, ಕಾಗೆಯು ಅಡ್ಡಡ್ಡಲಾಗಿ ಕುಪ್ಪಳಿಸಿ ಬಂದು, ಬಂಧುಬಳಗವನ್ನು ಕರೆದು, ಸೆರಗಿನಿಂದ ಒಡಲಿನವರೆಗೆ ಪಂಕ್ತಿಭೋಜನವನ್ನು ಮುಗಿಸಿದರೂ ಪುಟ ಮಗುಚುವ ಸದ್ದಲ್ಲದೆ ಬೇರೆ ಪ್ರತಿಭಟನೆಯಿಲ್ಲ. ಓದಿನ ಆಳವು ಸಂಡಿಗೆಯ ನಷ್ಟಕ್ಕೆ ಸಮಾನುಪಾತದಲ್ಲಿರುತ್ತದೆಂಬ ನಮ್ಮ ನಿಯಮವು ಇದರಿಂದ ಸಿದ್ಧವಾಯಿತು.

ಇದಕ್ಕೆ ಪೂರ್ವಪಕ್ಷವನ್ನು ಅಜ್ಜಿಯೇ ಎತ್ತಿದ್ದಾರೆ. ಪಾಂಡಿತ್ಯ ನಿಮ್ಮದು, ಸಬ್ಬಕ್ಕಿ ನನ್ನದು ಎಂಬುದು ಅವರ ವಾದದ ಸಾರ. ಈ ವಾದಕ್ಕೆ ಖಂಡನೆ ದೊರೆಯದಿದ್ದುದರಿಂದ, ಕಾಗೆಗಳು ಬೆದರಲೆಂದು ಸೀರೆಯ ನಡುವೆ ಕರಿಯ ಕೊಡೆಯೊಂದನ್ನು ಬಿಚ್ಚಿಡುವುದೆಂದು ಉಭಯಪಕ್ಷಗಳೂ ಒಪ್ಪಿದವು. ಮರುದಿನ ಹನ್ನೊಂದು ಗಂಟೆಯ ವೇಳೆಗೆ ಟ್ಯಾಂಕಿನ ನೆರಳು ಸರಿಯಲು, ಕೊಡೆಯೂ ಅಲ್ಲಿಂದ ಸರಿದು ಓದುಗನ ತಲೆಯ ಮೇಲೆ ಪ್ರತಿಷ್ಠಿತವಾಗಿದ್ದಿತು, ಮೆಟ್ಟಲಿನಿಂದ ಅಜ್ಜಿಯ ಕಂಠ ಕೇಳಿಬಂದಿತು: “ಕೊಡೆ ಇಟ್ಟದ್ದು ಕಾಗೆಗೆ ಕಣೋ, ನಿನಗಲ್ಲ!”