ಬದುಕಿರುವ ನೌಕರಿ

ನಮ್ಮ ಓಣಿಯ ಆಯಿಗೆ ಎಂಬತ್ತಾರು. ತಿಂಗಳ ಮೊದಲ ವಾರ ಕಟ್ಟೆಯ ಮೇಲೆ ಕೂತು ಹಾದುಹೋಗುವ ಹುಡುಗರನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾಳೆ: "ಏ ತಮ್ಮಾ, ಪಗಾರ ಬಂತೇನ ನೋಡು."

ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ಮಾಸಾಶನ ಅಂತ ಸರಕಾರ ಎಷ್ಟೇ ಚಂದದ ಹೆಸರಿಡಲಿ, ಹುಬ್ಬಳ್ಳಿ-ಧಾರವಾಡದ ಕಟ್ಟೆಗಳ ಮೇಲೆ ಅದು ಪಗಾರವೇ. ಮೊದಮೊದಲು ನನಗೆ ನಗು ಬರುತ್ತಿತ್ತು. ಪಗಾರ ಅಂದಮೇಲೆ ನೌಕರಿ ಇರಬೇಕಲ್ಲ? ಆಯಿಯ ಕಾಗದಪತ್ರ ಹಿಡಿದುಕೊಂಡು ಎರಡು ವರ್ಷ ಅಡ್ಡಾಡಿದ ಮೇಲೆ ನಗು ಹೋಯಿತು. ಆಕೆಯ ನೌಕರಿ ಬದುಕಿರುವುದು. ಬರೀ ಬದುಕಿದ್ದರೆ ನಡೆಯುವುದಿಲ್ಲ, ಹಾಜರಿ ಹಾಕಬೇಕು.

ಈ ನೌಕರಿಯ ವೇತನ ಶ್ರೇಣಿ ಓದುವಂತಿದೆ. 1995ರ ಆಗಸ್ಟ್ 15ರಂದು ದಿಲ್ಲಿ ಇದನ್ನು ತಿಂಗಳಿಗೆ 75 ರೂಪಾಯಿಯಿಂದ ಶುರು ಮಾಡಿತು. ಮುಂದೆ ಅದು 200 ಆಯಿತು. 2011ರಲ್ಲಿ ಎಂಬತ್ತು ದಾಟಿದವರಿಗೆ 500 ಆಯಿತು. ಅಲ್ಲಿಂದ ಇಲ್ಲಿಯವರೆಗೆ ಶೇಂಗಾ ಎಣ್ಣೆ, ತೊಗರಿಬೇಳೆ, ಗುಳಿಗೆ, ಆಟೋ ಬಾಡಿಗೆ ಎಲ್ಲ ಏರಿದವು. ದಿಲ್ಲಿಯ ಪಾಲು ಮಾತ್ರ ವ್ರತ ಹಿಡಿದು ಕೂತಿದೆ. ನಮ್ಮ ಹುಬ್ಬಳ್ಳಿಯವರೇ ಆದ ಬಸವರಾಜ ಬೊಮ್ಮಾಯಿಯವರು 2021ರ ಜುಲೈ 28ರಂದು ಮುಖ್ಯಮಂತ್ರಿಯಾದ ದಿನವೇ ಸಂಧ್ಯಾ ಸುರಕ್ಷಾ ಮೊತ್ತವನ್ನು 1,000ದಿಂದ 1,200ಕ್ಕೆ ಏರಿಸಿದ್ದರಿಂದ ಆಯಿಗೆ ಎರಡು ನೂರು ಹೆಚ್ಚು ಸಿಕ್ಕಿತು. ಹಾಗಾದರೆ ಎಂಬತ್ತು ದಾಟಿದ್ದಕ್ಕೆ ಬಡ್ತಿ? ಬಡ್ತಿ ಉಂಟು. ದಿಲ್ಲಿಯ ಪಾಲು 200ರಿಂದ 500 ಆಗುತ್ತದೆ. ಕೈಗೆ ಬರುವ ಒಟ್ಟು ಮಾತ್ರ ಅರವತ್ತೈದರ ಹುಡುಗಿಗೆ ಬರುವ ಅದೇ 1,200. ವಯಸ್ಸಾದದ್ದು ಆಯಿಗೆ, ಉಳಿತಾಯ ಆದದ್ದು ಬೆಂಗಳೂರಿಗೆ.

ಹಿಂದಿನ ಮನೆಯ ಅಜ್ಜಾರು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಅವರಿಗೆ ಎಂಬತ್ತು ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇಕಡ 20 ಹೆಚ್ಚು ಬಂತು, ಎಂಬತ್ತೈದಕ್ಕೆ ಶೇಕಡ 30. ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50, ನೂರು ತುಂಬಿದರೆ ಪಿಂಚಣಿಗೆ ಪಿಂಚಣಿಯೇ ಜೋಡಿ. ವಯಸ್ಸಾದಂತೆ ಖರ್ಚು ಹೆಚ್ಚುತ್ತದೆ ಅನ್ನುವುದು ಸರಕಾರಕ್ಕೆ ಚೆನ್ನಾಗಿ ಗೊತ್ತಿದೆ ಅಂತಾಯಿತು. ಕಂಡವರ ಹೊಲದಲ್ಲಿ ನಲವತ್ತು ವರ್ಷ ಕಳೆ ತೆಗೆದು, ಹತ್ತಿ ಬಿಡಿಸಿದವರಿಗೆ ವಯಸ್ಸಾಗುತ್ತದೆ ಅನ್ನುವುದು ಮಾತ್ರ ಇನ್ನೂ ಗಮನಕ್ಕೆ ಬಂದಿಲ್ಲ.

ಹಾಜರಿಯ ವಿಷಯದಲ್ಲಿ ಇಬ್ಬರೂ ಸಮಾನರು. ಅಜ್ಜಾರಿಗೆ ವರ್ಷಕ್ಕೊಮ್ಮೆ, ನವೆಂಬರಿನಲ್ಲಿ. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಜೀವಂತ ಪ್ರಮಾಣಪತ್ರ ಕೊಡಬಹುದು ಅನ್ನುವುದು ವಿಶೇಷ ರಿಯಾಯಿತಿ. "ನವೆಂಬರ್ ತನಕಾ ಇರತೀನೋ ಇಲ್ಲೋ ಅಂತ ಅವರಿಗೂ ಡೌಟ್ ಐತ್ರೀ" ಅಂತ ಅಜ್ಜಾರು ನಗುತ್ತಾರೆ. 2014ರಲ್ಲಿ ಜೀವನ ಪ್ರಮಾಣ ಡಿಜಿಟಲ್ ಆಯಿತು, 2021ರಲ್ಲಿ ಮೊಬೈಲಿಗೆ ಮುಖ ತೋರಿಸಿದರೆ ಸಾಕು ಅಂತಾಯಿತು. ಮೊಮ್ಮಗ ಮೊಬೈಲು ಹಿಡಿದು "ಅಜ್ಜಾ, ಕಣ್ಣು ಮಿಟಗಸ್ರಿ" ಅನ್ನುತ್ತಾನೆ. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಾರು ಬಿಟ್ಟ ಕಣ್ಣು ಬಿಟ್ಟ ಹಾಗೆ ಕೂತಿರುತ್ತಾರೆ. ಮಿಟುಕಿಸದಿದ್ದರೆ ಅದು ಮನುಷ್ಯನಲ್ಲ, ಬರೀ ಫೋಟೋ ಅಂತ ಆ ಆ್ಯಪಿನ ತಿಳಿವಳಿಕೆ.

ಆಯಿಯದು ಬೆರಳಿನ ಕಥೆ. ಒಂದು ಕೇಂದ್ರದಲ್ಲಿ ಅರ್ಧ ದಿನ ಪಾಳಿ ಹಚ್ಚಿ ಯಂತ್ರದ ಮುಂದೆ ಕೂತರೆ ಹೆಬ್ಬೆಟ್ಟು ಹತ್ತಲಿಲ್ಲ. ತೋರು ಬೆರಳು ಹತ್ತಲಿಲ್ಲ. ಒರೆಸಿ ಇಟ್ಟರು, ಎಣ್ಣೆ ಹಚ್ಚಿ ಇಟ್ಟರು, ಹತ್ತೂ ಬೆರಳು ಮುಗಿದವು.

"ತಮ್ಮಾ, ನಾ ಇಲ್ಲೆ ಕುಂತದ್ದು ನಿನಗ ಕಾಣಸ್ತೈತಿಲ್ಲೋ?"

"ನನಗ ಕಾಣಸ್ತೈತ್ರೀ ಆಯಿ. ಸಿಸ್ಟಮ್ಮಿಗೆ ಕಾಣವಲ್ದು."

ಮನೋವೈದ್ಯರು ಇದಕ್ಕೆ ದೊಡ್ಡ ಹೆಸರು ಇಟ್ಟಾರು. ಆಯಿ ಅಂದು ರಾತ್ರಿ ಉಣ್ಣಲಿಲ್ಲ, ಅಷ್ಟೇ.

ಆದರೂ ಸರಕಾರಕ್ಕೆ ಹಿರಿಯರ ಮನಸ್ಸಿನ ಕಾಳಜಿಯೇ ಇಲ್ಲ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಮುಪ್ಪಿನಲ್ಲಿ ಮಂಕು ಕವಿಯಬಾರದು ಅಂದರೆ ದಿನಾ ನಡೆಯಬೇಕು, ನಾಲ್ಕು ಮಂದಿಯ ಜೊತೆ ಮಾತಾಡಬೇಕು, ಬಾಳಿಗೊಂದು ಗುರಿ ಇರಬೇಕು ಅಂತ ಡಾಕ್ಟರು ಹೇಳುತ್ತಾರೆ. ಮೂರನ್ನೂ ಸರಕಾರ ಪುಕ್ಕಟೆ ಒದಗಿಸಿದೆ. ಬ್ಯಾಂಕು, ಅಂಚೆ ಕಚೇರಿ, ನಾಡಕಚೇರಿ ಸುತ್ತಿಸಿ ನಡೆಸುತ್ತದೆ. ಪಾಳಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತದೆ. ಆಧಾರಿನಲ್ಲಿಯ ಹೆಸರೂ ಪಾಸ್‌ಬುಕ್ಕಿನ ಹೆಸರೂ ಒಂದೇ ಆಗುವುದನ್ನು ಕಣ್ಣಾರೆ ಕಂಡು ಸಾಯಬೇಕು ಅನ್ನುವ ಗುರಿಯನ್ನೂ ಕೊಡುತ್ತದೆ.

ರೈಲ್ವೆಯವರಂತೂ ಇನ್ನೂ ಮುಂದೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಹಿರಿಯರು ಸುಮ್ಮನೆ ಅಡ್ಡಾಡಬಾರದೆಂಬ ಕಾಳಜಿಯಿಂದ ಟಿಕೆಟ್ಟಿನ ರಿಯಾಯಿತಿ ತೆಗೆದರು. ಕೊರೋನಾ ಹೋಯಿತು, ಕಾಳಜಿ ಹೋಗಲಿಲ್ಲ. 2023ರ ಮಾರ್ಚ್ 12ರಂದು ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಜಗತ್ತಿನಲ್ಲೇ ಅತಿ ಉದ್ದನೆಯ ಪ್ಲಾಟ್‌ಫಾರ್ಮು ಉದ್ಘಾಟನೆಯಾಯಿತು: 1,507 ಮೀಟರು. ಪೂರಾ ಟಿಕೆಟ್ ಕೊಂಡ ಅಜ್ಜ-ಅಜ್ಜಿಯರು ಬೋಗಿ ಹುಡುಕುತ್ತ ಒಮ್ಮೆ ಹೋಗಿ ಬಂದರೆ ಮೂರು ಕಿಲೋಮೀಟರು. ವಾಕಿಂಗಿಗೆ ಬೇರೆ ಪಾರ್ಕು ಯಾಕೆ ಬೇಕು?

ಇಷ್ಟಾದ ಮೇಲೂ ಮನಸ್ಸಿಗೆ ಕಸಿವಿಸಿಯಾದರೆ ವ್ಯವಸ್ಥೆ ಉಂಟು. ನಮ್ಮ ಕಡೆ ತಲೆಕೆಟ್ಟವರಂತೆ ಮಾತಾಡಿದವರಿಗೆ "ಧಾರವಾಡಕ್ಕ ಕಳಸ್ರಿ" ಅನ್ನುವ ಹಳೆಯ ರೂಢಿ. ಹುಚ್ಚಾಸ್ಪತ್ರೆ ಅಂತ ಹೆಸರಾಗಿದ್ದ ಅಲ್ಲಿಯ ಆಸ್ಪತ್ರೆ ಈಗ ಡಿಮ್ಹಾನ್ಸ್. ಅಷ್ಟು ದೂರ ಆಗದಿದ್ದರೆ ಫೋನು: ಮನಸ್ಸಿಗೆ 14416, ಮುಪ್ಪಿಗೆ 14567. ಒಂದು ಖಾತೆ ದುಃಖ ತಯಾರಿಸುತ್ತದೆ, ಇನ್ನೊಂದು ಖಾತೆ ಸಮಾಧಾನ ಹಂಚುತ್ತದೆ, ಎರಡಕ್ಕೂ ಬೇರೆ ಬೇರೆ ಅನುದಾನ. "ಬೆರಳು ಹತ್ತವಲ್ದು" ಅನ್ನುವ ದುಃಖಕ್ಕೆ ಯಾವ ನಂಬರು ಅಂತ ಆಯಿ ಕೇಳಿದಳು. ಯಂತ್ರ ಬದಲಿಸುವ ನಂಬರು ನನ್ನಲ್ಲಿ ಇರಲಿಲ್ಲ.

ಇಷ್ಟು ಹೇಳಿ, ರೊಕ್ಕದಿಂದ ಏನೂ ಆಗುವುದಿಲ್ಲ ಅಂತ ಹೊಟ್ಟೆ ತುಂಬಿದವರ ವೇದಾಂತ ಹೇಳಿದರೆ ತಪ್ಪಾದೀತು. ಮೆಕ್ಸಿಕೊದಲ್ಲಿ 2007ರಿಂದ ಹಳ್ಳಿಗಳ ಎಪ್ಪತ್ತು ದಾಟಿದವರಿಗೆ ಪಿಂಚಣಿ ಕೊಡತೊಡಗಿದರು. ರೊಕ್ಕ ಸಿಕ್ಕವರಲ್ಲಿ ಖಿನ್ನತೆ ಇಳಿದಿತ್ತು ಅಂತ ಅರ್ಥಶಾಸ್ತ್ರಜ್ಞರು ಅಳೆದು ಬರೆದರು. ಅದನ್ನು ಅಳೆಯಲು ಅಷ್ಟು ದೂರ ಹೋಗಬೇಕಿರಲಿಲ್ಲ, ನಮ್ಮ ಓಣಿಗೆ ಬಂದಿದ್ದರೆ ಸಾಕಿತ್ತು.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಣ್ಣುಮಗಳೇ ಯಜಮಾನಿ. ಹತ್ತು ವರ್ಷ ಆ ಯಜಮಾನಿಕೆಯನ್ನು ಯಾರೂ ಕೇಳಲಿಲ್ಲ. ಆಯಿಯೂ ಮೂಲೆಯಲ್ಲೇ ಇದ್ದಳು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಬಂತು, ಯಜಮಾನಿಯ ಖಾತೆಗೆ ತಿಂಗಳಿಗೆ 2,000. ರಾಜ್ಯವೆಲ್ಲ ಅತ್ತೆಗೋ ಸೊಸೆಗೋ ಅಂತ ಚರ್ಚೆ ಮಾಡುವಾಗ ನಮ್ಮ ಆಯಿ ಮೂಲೆಯಿಂದ ನಡುಮನೆಗೆ ಬಂದಿದ್ದಳು. ಚಹಾದಲ್ಲಿ ಶುಂಠಿ ಬಿತ್ತು. ಕೆಮ್ಮಿದರೆ "ಅತ್ತೀ, ದವಾಖಾನಿಗೆ ಹೋಗೋಣೇನ್ರೀ?" ಅನ್ನುವ ದನಿ ಕೇಳಿತು. ಕಂತು ತಡವಾದ ತಿಂಗಳಲ್ಲಿ ಶುಂಠಿಯೂ ತಡವಾಯಿತು, ಅದು ಬೇರೆ ಮಾತು. ಸೊಸೆಯನ್ನು ದೂರಿ ಫಲವಿಲ್ಲ, ಆಕೆಯದೂ ಹರಕು ಸಂಸಾರವೇ. ಹಿರಿಯರ ಮೇಲಿನ ಗೌರವವನ್ನು ಪುರಾಣ ಪ್ರವಚನಗಳು ಮಾಡಲಾಗದಷ್ಟು, ಖಾತೆಗೆ ನೇರ ರೊಕ್ಕ ಹಾಕುವ ಡಿಬಿಟಿ ಮಾಡಿ ತೋರಿಸಿತು. ಇದರಲ್ಲಿ ನಗುವುದು ಎಷ್ಟು, ಅಳುವುದು ಎಷ್ಟು ಅಂತ ನನಗಿನ್ನೂ ಲೆಕ್ಕ ಹತ್ತಿಲ್ಲ.

ಆಯಿಗೆ ಹತ್ತಿದೆ. ಪಗಾರ ಬಂದ ದಿನ ಮರಿಮೊಮ್ಮಗನ ಕೈಗೆ ಹತ್ತು ರೂಪಾಯಿ ಇಡುತ್ತಾಳೆ. ಆ ಹತ್ತು ರೂಪಾಯಿಗೆ ಅವನು ಕಟ್ಟೆಯ ಮೇಲೆ ಪಕ್ಕದಲ್ಲಿ ಅರ್ಧ ತಾಸು ಕೂತಿರುತ್ತಾನೆ.

ಕಡೆಗೆ ಹೇಗೋ ಕಣ್ಣಿನ ಪಾಪೆ ತೋರಿಸಿ, ನಾಲ್ಕನೆಯ ಸಲಕ್ಕೆ ಆಯಿ ಬದುಕಿದ್ದಾಳೆಂದು ಯಂತ್ರ ಒಪ್ಪಿತು. ಕಂಪ್ಯೂಟರಿನ ಹುಡುಗನಿಗೇ ಹೆಚ್ಚು ಖುಷಿ. ಆಯಿ ಸೆರಗಿನ ಗಂಟು ಬಿಚ್ಚಿ ಅವನ ಕೈಗೊಂದು ಪೇಢೆ ಇಟ್ಟಳು.

"ಮುಂದ ಮತ್ತ ಕರದ್ರ ಬರಬೇಕಾಗ್ತೈತ್ರೀ ಆಯಿ."

"ಬರ್ತೀನಿ ಬಿಡಪಾ. ಬರಲಿಲ್ಲಂದ್ರ, ಆಯಿ ರಾಜೀನಾಮೆ ಕೊಟ್ಟಾಳಂತ ಬರಕೋ."