ಮೂಲೆಪುರುಷ ಮೀಮಾಂಸೆ

ಮುಷ್ಟಿಯುದ್ಧವನ್ನು ವಸ್ತುವಾಗುಳ್ಳ ಚಲಚ್ಚಿತ್ರಗಳಲ್ಲಿ ಹೊಡೆತ ತಿಂದು ಕೀರ್ತಿಯನ್ನು ಪಡೆಯತಕ್ಕವನು ನಾಯಕನೆಂದೂ, ಹೊಡೆತ ಕೊಟ್ಟು ಅಪಕೀರ್ತಿಯನ್ನು ಪಡೆಯತಕ್ಕವನು ಪ್ರತಿನಾಯಕನೆಂದೂ ಪ್ರಸಿದ್ಧವಿರುವುದರಿಂದ ಅವರ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ. ಇವರಿಬ್ಬರಿಗೂ ಹೊರತಾಗಿ, ಕಣದ ಮೂಲೆಯಲ್ಲಿ ಹೆಗಲಮೇಲೆ ಟವೆಲ್ಲನ್ನು ಹೊತ್ತು ನಿಂತು, ನಡೆಯಲಿರುವುದನ್ನು ಎಲ್ಲರಿಗಿಂತ ಮುನ್ನವೇ ಕಂಡು, ಕಂಡುದನ್ನು ಹೇಳಿ, ಹೇಳಿದುದು ಯಾರ ಕಿವಿಗೂ ಬೀಳದೆ ಉಳಿಯುವ ಒಬ್ಬನಿರುವನಷ್ಟೆ. ಅವನಿಗೆ ‘ಮೂಲೆಪುರುಷ’ನೆಂಬ ಸಂಜ್ಞೆಯನ್ನು ನಾವು ಕಲ್ಪಿಸುತ್ತೇವೆ. ಅವನ ವ್ಯವಚ್ಛೇದಕ ಲಕ್ಷಣವು ‘ಪೂರ್ವದರ್ಶನವಿಶಿಷ್ಟ-ಶ್ರೋತೃರಾಹಿತ್ಯ’. ಇದರ ಅರ್ಥವನ್ನು ಬಿಡಿಸಿ ಹೇಳುವುದು ಪಂಡಿತಮರ್ಯಾದೆಗೆ ಸಲ್ಲದು.

ಲಕ್ಷಣಕ್ಕೆ ಲಕ್ಷ್ಯವು, ಸಿಲ್ವೆಸ್ಟರ್ ಸ್ಟಾಲೋನನು ತಾನೇ ಬರೆದು, ನಿರ್ದೇಶಿಸಿ, ನಟಿಸಿದ 1979ರ ‘ರಾಕಿ 2’ ಎಂಬ ಉತ್ತರಚಿತ್ರದಲ್ಲಿ ಪ್ರತಿನಾಯಕ ಅಪೋಲೋ ಕ್ರೀಡನ ಗುರುವಾಗಿ, ನಮ್ಮ ಗರಡಿಯ ಮಾತಿನಲ್ಲಿ ಉಸ್ತಾದನಾಗಿ, ಬರುವ ಟೋನಿ ಬರ್ಟನ್. ಈ ಪಾತ್ರಕ್ಕೆ ಮುಂದೆ ಡ್ಯೂಕ್ ಎಂಬ ಹೆಸರು ಪ್ರಾಪ್ತವಾಯಿತು; 1976ರ ಮೊದಲ ಚಿತ್ರದ ನಾಮಾವಳಿಯಲ್ಲಿ ಅದು ಬರಿಯ ‘ಅಪೋಲೋನ ತರಬೇತುದಾರ’. ಹೆಸರೇ ಇಲ್ಲದವನಲ್ಲಿ ಶ್ರೋತೃರಾಹಿತ್ಯವು ಸ್ವತಃಸಿದ್ಧವೆಂಬುದು ನಮ್ಮ ಪ್ರಥಮ ಸಿದ್ಧಾಂತ.

ಮೂಲೆಪುರುಷನ ದೃಷ್ಟಿಯು ಪಂಚವಿಧ: ಈಕ್ಷಣ, ವೀಕ್ಷಣ, ನಿರೀಕ್ಷಣ, ಪರೀಕ್ಷಣ, ಉಪೇಕ್ಷಣ. ಇವುಗಳಲ್ಲಿ ಈಕ್ಷಣಕ್ಕೆ ಉದಾಹರಣೆ ಮೊದಲ ಚಿತ್ರದಲ್ಲಿದೆ: ನಾಯಕ ರಾಕಿಯು ಶೀತಗೃಹದಲ್ಲಿ ತೂಗುವ ಮಾಂಸದ ಸೀಳುಗಳನ್ನು ಗುದ್ದುವುದು ದೂರದರ್ಶನದಲ್ಲಿ ಕಾಣುತ್ತಿರಲು, ಅಪೋಲೋ ಪ್ರಚಾರದ ಲೆಕ್ಕಾಚಾರದಲ್ಲಿ ಮುಳುಗಿರುತ್ತಾನೆ, ಡ್ಯೂಕ್ ಒಬ್ಬನೇ ನೋಡುತ್ತಾನೆ, ಬಂದು ನೋಡೆಂದು ಕರೆಯುತ್ತಾನೆ, ಅಪೋಲೋ ಬಂದು ನೋಡುವುದಿಲ್ಲ. ವೀಕ್ಷಣವು ಈಕ್ಷಣದಿಂದ ಹೇಗೆ ಭಿನ್ನವೆಂದರೆ... ಭಿನ್ನವಲ್ಲ. ಉಳಿದವನ್ನು ಪುಟ ತುಂಬಲೆಂದು ಸೇರಿಸಿದ್ದೆ, ಓದುಗರು ಬಿಟ್ಟುಬಿಡಬಹುದು.

ಈ ವಿಭಾಗಕ್ರಮವನ್ನು ನಾನು ಕಲಿತುದು ಒಂದು ವಿಚಾರಸಂಕಿರಣದಲ್ಲಿ. ವಿದ್ವಾಂಸರೊಬ್ಬರು ‘ನಾಯಕಶರೀರದ ಸಂಕೇತವ್ಯೂಹ’ವೆಂದು ಒಂದೂವರೆ ಗಂಟೆ ಈ ಚಿತ್ರಗಳನ್ನು ಕುರಿತು ವ್ಯಾಖ್ಯಾನ ಮಾಡಿ, ಪ್ರಶ್ನೋತ್ತರದ ವೇಳೆಯಲ್ಲಿ ನಾನು ಬರ್ಟನ್ನನ ಹೆಸರೆತ್ತಿದಾಗ, “ಓ, ಆ ಟವೆಲ್ಲಿನವನೆ?” ಎಂದು ನಕ್ಕರು. ಸಭೆಯೂ ನಕ್ಕಿತು. ಟವೆಲ್ಲಿನವನು! ಆ ಮಹನೀಯರು ಚಿತ್ರವನ್ನು ನೋಡಿದ್ದರೋ, ಅದರ ಮೇಲಿನ ಪ್ರಬಂಧಗಳನ್ನು ಮಾತ್ರ ಓದಿದ್ದರೋ ಎಂಬ ಸಂದೇಹ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅವರು ನೋಡಬೇಕಾಗಿದ್ದುದು ‘ರಾಕಿ 2’ರ ಈ ದೃಶ್ಯವನ್ನು. ಮೊದಲ ಕಾಳಗವನ್ನು ತೀರ್ಪುಗಾರರ ಭಿನ್ನಮತದಿಂದ ಗೆದ್ದ ಅಪೋಲೋ, ಜನರ ನಿಂದೆಯ ಪತ್ರಗಳಿಂದ ಬೆಂದು, ರಾಕಿಯೊಡನೆ ಮತ್ತೊಮ್ಮೆ ಕಾದಲೇಬೇಕೆಂದು ಹಟ ಹಿಡಿದಿದ್ದಾನೆ. ಏತಕ್ಕೆ ಅಂಜುವೆಯೆಂದು ಗುರುವನ್ನು ಕೆಣಕುತ್ತಾನೆ. ಆಗ ಬರ್ಟನ್ ದನಿಯೇರಿಸುವುದಿಲ್ಲ. ಅವನನ್ನು ನೀನು ಹೊಡೆದಂತೆ ಮನುಷ್ಯನನ್ನು ಹೊಡೆದುದನ್ನು ನಾನು ಕಂಡಿಲ್ಲ, ಆದರೂ ಅವನು ಮುಂದಕ್ಕೇ ಬಂದ, ಅಂಥವನ ಸಹವಾಸ ನಮಗೆ ಬೇಡ ಎಂಬ ಅರ್ಥದ ನಾಲ್ಕು ಮಾತು, ಅಷ್ಟೆ. ಭಯವನ್ನು ನಾಚಿಕೆಯಿಲ್ಲದೆ, ಪ್ರೀತಿಯ ಇನ್ನೊಂದು ಹೆಸರೆಂಬಂತೆ ನುಡಿಯುವುದು ಸುಲಭದ ಅಭಿನಯವೆ? ಮರುಕಾಳಗದ ಹದಿನೈದನೆಯ ಸುತ್ತಿಗೆ ಮುನ್ನ, ಅಂಕಗಳಲ್ಲಿ ನೀನೇ ಮುಂದಿರುವೆ, ದೂರ ನಿಲ್ಲು ಎಂದು ಅವನೇ ಹೇಳುತ್ತಾನೆ. ಅಪೋಲೋ ಕೇಳುವುದಿಲ್ಲ. ಇಬ್ಬರೂ ನೆಲಕ್ಕುರುಳುತ್ತಾರೆ, ಹತ್ತು ಎಣಿಸುವುದರೊಳಗೆ ಏಳುವವನು ರಾಕಿ.

ಮೊದಲ ಚಿತ್ರಕ್ಕಾಗಿ ಎದುರು ಮೂಲೆಯ ಗುರು ಬರ್ಜೆಸ್ ಮೆರೆಡಿತ್ತನ ಹೆಸರು ಆಸ್ಕರಿನ ಪಟ್ಟಿಗೆ ಸೇರಿತು, ಅದು ನ್ಯಾಯವೇ. ಬರ್ಟನ್ನನ ಹೆಸರು ಎಲ್ಲಿಯೂ ಸೇರಲಿಲ್ಲ. ಮಿಷಿಗನ್ನಿನ ಫ್ಲಿಂಟಿನಲ್ಲಿ 1937ರಲ್ಲಿ ಹುಟ್ಟಿ, ಯೌವನದಲ್ಲಿ ತಾನೇ ಕಣಕ್ಕಿಳಿದು ಗುದ್ದಾಡಿ, ಸೆರೆವಾಸವನ್ನೂ ಕಂಡು ನಟನೆಗೆ ಬಂದವನು ಅವನು. ಗುದ್ದಿನ ಬೆಲೆಯನ್ನು ಯಾರೂ ಅವನಿಗೆ ಕಲಿಸಬೇಕಾಗಿರಲಿಲ್ಲ. 2006ರವರೆಗಿನ ಆರು ರಾಕಿ ಚಿತ್ರಗಳಲ್ಲಿಯೂ ಮೂಲೆಯಲ್ಲಿ ನಿಂತ. ನಾಲ್ಕನೆಯದರಲ್ಲಿ ಅಪೋಲೋ ಸಾಯುವ ಕಾಳಗದಲ್ಲಿ, ಟವೆಲ್ಲನ್ನು ಎಸೆ ಎಂದು ರಾಕಿಯತ್ತ ಕೂಗಿದವನೂ ಅವನೇ. ಅಂದು ಟವೆಲ್ಲು ಅವನ ಕೈಯಲ್ಲಿರಲಿಲ್ಲ.

2016ರಲ್ಲಿ ಅವನು ತೀರಿಕೊಂಡ. ‘ರಾಕಿ 2’ರಲ್ಲಿ ರಾಕಿ ಪಟ್ಟವನ್ನೆತ್ತಿ ಹಿಡಿದು ಹೆಂಡತಿಯನ್ನು ಕೂಗುವ ಆ ಕೊನೆಯ ದೃಶ್ಯ ಬಂದಾಗಲೆಲ್ಲ ನಾನು ತೆರೆಯ ಅಂಚುಗಳಲ್ಲಿ ಅವನನ್ನು ಹುಡುಕುತ್ತಿರುತ್ತೇನೆ.