ಯೆಜ್ಡಿಯ ಬೆನ್ನು, ಯಜಮಾನರ ತೂಕ

ಹಳೇ ಯೆಜ್ಡಿ ಬೈಕ್ ಇಟ್ಟುಕೊಂಡವರನ್ನು ಯಾವ ಲೆಕ್ಕ ಬೇಕಾದರೂ ಕೇಳಿ. ಎಂಜಿನ್ ನಂಬರು ಬಾಯಿಪಾಠ. ಲೀಟರ್ ಪೆಟ್ರೋಲಿಗೆ ಎಷ್ಟು ಟೂಟಿ ಆಯಿಲ್, ಪಾಯಿಂಟಿನ ಸಂದು ಎಷ್ಟು, ಕಾರ್ಬ್ಯುರೇಟರಿನ ಜೆಟ್ ಎಷ್ಟನೆಯದು, ಎಲ್ಲಕ್ಕೂ ತಟ್ಟನೆ ಉತ್ತರ. ಆಮೇಲೆ ಮೆಲ್ಲಗೆ, "ಸ್ವಾಮಿ, ತಮ್ಮ ತೂಕ ಎಷ್ಟು?" ಅನ್ನಿ. ಯಜಮಾನರು ಆಕಾಶ ನೋಡುತ್ತಾರೆ. "ಒಂದು ಅರವತ್ತೈದು ಇರಬಹುದಪ್ಪ" ಅನ್ನುತ್ತಾರೆ. ಆ ಅರವತ್ತೈದು ಅವರ ಮದುವೆಯಾದ ವರ್ಷದ್ದು. ಆಮೇಲೆ ತಕ್ಕಡಿ ಹತ್ತಿದ್ದರೆ ತಾನೇ!

ಹಿಂದಿನ ಶಾಕಬ್ಸರ್ ಬದಲಿಸುವವರ ಸಂಕಟವೆಲ್ಲ ಹುಟ್ಟುವುದು ಇಲ್ಲಿಂದ. ಬಣ್ಣ ನೋಡುತ್ತಾರೆ, ಬೆಲೆ ನೋಡುತ್ತಾರೆ, ಕ್ರೋಮಿನ ಹೊಳಪಿನಲ್ಲಿ ತಮ್ಮ ಮುಖವನ್ನೂ ನೋಡಿಕೊಳ್ಳುತ್ತಾರೆ. ಅದರ ಮೇಲೆ ಎಷ್ಟು ಕಿಲೋ ಕೂರಲಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ.

ಬದಲಿಸುವ ಕಾಲ ಬಂದಿರುವುದಂತೂ ನಿಜ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬರಲು ಶುರುವಾಯಿತು, ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿಯಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಬಿತ್ತು. ಅಂದರೆ ಆ ಮನೆತನದ ಕಡೇ ಕೂಸಿಗೂ ಮೂವತ್ತರ ಆಸುಪಾಸು. 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ' ಅಂತ ಕಂಪನಿಯವರು ಜಾಹೀರಾತು ಕೊಟ್ಟದ್ದು ಬೈಕಿಗೆ. ಒಳಗಿನ ರಬ್ಬರ್ ಸೀಲಿನ ಆಯುಷ್ಯಕ್ಕೆ ಅವರೇನೂ ಮಾತು ಕೊಟ್ಟಿರಲಿಲ್ಲ.

ಜಾವಾದ ಹಿಂಬದಿಗೆ ಸ್ಪ್ರಿಂಗ್ ಬಂದ ಕಥೆ ಬೇರೆಯೇ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಜಾವಾದ ತವರೂರು, ಆಗ ಜರ್ಮನರ ಕೈಯಲ್ಲಿದ್ದ ಪ್ರಾಗ್ ನಗರದ ಜನ ಒಂದು ಗಾಳಿಸುದ್ದಿ ಹಬ್ಬಿಸಿದ್ದರು: ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡ ಒಬ್ಬ ಮನುಷ್ಯ ರಾತ್ರಿ ಹೊತ್ತು ಗೋಡೆ ಹಾರಿ ತಿರುಗುತ್ತಾನೆ, ಹೆಸರು ಪೆರಾಕ್ ಅಂತ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇರುವ ಜಾವಾ 250 ಬಂದಾಗ ಅದಕ್ಕೂ ಅದೇ ಹೆಸರು ಅಂಟಿಕೊಂಡಿತು. ಅದರಲ್ಲಿ ಚಕ್ರದ ಅಚ್ಚು ಒಂದು ಕೊಳವೆಯೊಳಗೆ ನೆಟ್ಟಗೆ ಮೇಲೆ ಕೆಳಗೆ ಆಡುತ್ತಿತ್ತು, ಅಷ್ಟೆ. ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ತೂಗುವ ಸ್ವಿಂಗ್ ಆರ್ಮ್, ಅದರ ಎರಡು ಬದಿಗೆ ಎರಡು ಶಾಕಬ್ಸರ್, ಈ ಏರ್ಪಾಡು ಆಮೇಲಿನದು. ಮೈಸೂರಿಗೆ ಬಂದದ್ದು ಅದು. ಇವತ್ತು ನಮ್ಮ ಯಜಮಾನರು ಹಂಪ್ ದಾಟುವಾಗ ಸೀಟಿನಿಂದ ಅರ್ಧ ಅಡಿ ಮೇಲೆ ಹಾರುವುದನ್ನು ಕಂಡರೆ ಪ್ರಾಗಿನವರಿಗೆ ಹಳೆಯ ನೆನಪು ಮರುಕಳಿಸೀತು.

ಯಾಕೆ ಹಾರುತ್ತಾರೆ? ಗುಂಡಿಯ ಏಟು ತಿನ್ನುವುದು ಸ್ಪ್ರಿಂಗ್. ಆದರೆ ತಿಂದದ್ದನ್ನು ಇಟ್ಟುಕೊಳ್ಳುವ ಗುಣ ಅದಕ್ಕಿಲ್ಲ, ತಕ್ಷಣ ವಾಪಸ್ ಕೊಡುತ್ತದೆ. ಒಳಗಿನ ಕೊಳವೆಯಲ್ಲಿರುವ ಎಣ್ಣೆ ಸಣ್ಣ ಸಣ್ಣ ತೂತುಗಳಲ್ಲಿ ನುಸುಳಿ, ಆ ಜಿಗಿತವನ್ನು ಬಿಸಿಯನ್ನಾಗಿ ಮಾಡಿ ಕಳೆಯುತ್ತದೆ. ಎಣ್ಣೆ ಸೋರಿಹೋದ ಮೇಲೆ ತಡೆಯುವವರು ಯಾರು? ಅಂಥ ಗಾಡಿ ಹಂಪ್ ದಾಟಿ ಫರ್ಲಾಂಗು ಹೋದರೂ ತಲೆಯಾಡಿಸುತ್ತಲೇ ಇರುತ್ತದೆ, ಮದುವೆ ಮನೆಯಲ್ಲಿ ಕಿವಿ ಕೇಳದ ಹಿರಿಯರ ಹಾಗೆ. ಪರೀಕ್ಷೆ ಸುಲಭ. ಹಿಂದಿನ ಸೀಟನ್ನು ಎರಡು ಕೈಯಲ್ಲಿ ಒತ್ತಿ ಬಿಡಿ. ಎದ್ದು ಒಂದೇ ಸಲಕ್ಕೆ ನಿಂತರೆ ಸರಿ. ಎದ್ದು, ಕೂತು, ಮತ್ತೆ ಎದ್ದರೆ ಖರ್ಚು ಬಂತು.

ಹಾಗಂತ ಬೆನ್ನು ನೋವಿಗೆಲ್ಲ ಶಾಕಬ್ಸರೇ ಕಾರಣ ಅಂತಲೂ ಅಲ್ಲ. ಪೆಟ್ರೋಲ್ ಬಂಕಿನ ಹುಡುಗ ಹಿಂದಿನ ಟೈರಿಗೆ 40 ಪೌಂಡ್ ಗಾಳಿ ತುಂಬಿರುತ್ತಾನೆ. ಸೀಟಿನ ಫೋಮ್ ಸತ್ತು ವರ್ಷಗಳಾಗಿರುತ್ತವೆ, ಹೊಲಿಗೆಯವನು ಮೇಲೆ ಹೊಸ ರೆಕ್ಸಿನ್ ಹೊದಿಸಿ ಶವವನ್ನು ಸಿಂಗರಿಸಿರುತ್ತಾನೆ. ಸ್ವಿಂಗ್ ಆರ್ಮಿನ ಬುಷ್ ಸವೆದು ಚಕ್ರ ಎಡಬಲ ತೂಗುತ್ತಿರುತ್ತದೆ. ಇವನ್ನೆಲ್ಲ ನೋಡದೆ ಶಾಕಬ್ಸರಿಗೆ ದುಡ್ಡು ಸುರಿದವರು ಹೊಸ ಶಾಕಬ್ಸರಿನ ಮೇಲೆ ಹಳೇ ನೋವನ್ನೇ ಹೊತ್ತು ಓಡಾಡುತ್ತಾರೆ. ಇನ್ನು ಕೆಲವರು, "ಬಲಗಡೆಯದು ಮಾತ್ರ ಸೋರ್ತಿದೆ, ಅದೊಂದೇ ಕೊಡಿ" ಅಂತ ಚೌಕಾಶಿಗೆ ನಿಲ್ಲುತ್ತಾರೆ. ಎಡಗಡೆಯದೂ ಅದೇ ವಯಸ್ಸಿನದು ಮಾರಾಯರೇ. ಒಂದು ಬದಿ ಬಿಗಿ, ಒಂದು ಬದಿ ಸಡಿಲವಾದರೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳಲು ನೋಡುತ್ತದೆ. ಜೋಡಿಯಾಗಿಯೇ ತರಬೇಕು.

ತರಲು ಹೊರಟಿರೋ, ಸಲಹೆಗಾರರು ಸಾಲಾಗಿ ನಿಲ್ಲುತ್ತಾರೆ. ಮೊದಲನೆಯವನು ಬುಲೆಟ್ ಇಟ್ಟುಕೊಂಡ ಗೆಳೆಯ. "ನನ್ನ ಹತ್ರ ಒಂದು ಜೊತೆ ಬಿಚ್ಚಿಟ್ಟದ್ದು ಬಿದ್ದಿದೆ, ಹಾಕ್ಕೋ ಗುರು" ಅನ್ನುತ್ತಾನೆ. ಅವನ ಔದಾರ್ಯಕ್ಕೆ ನಮಸ್ಕಾರ. ಆದರೆ ಆ ಸ್ಪ್ರಿಂಗನ್ನು ಸುತ್ತಿದ್ದು ಬೇರೆ ಗಾಡಿಯ ಭಾರಕ್ಕೆ. ಎರಡನೆಯವರು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಕೂತಿರುತ್ತಾರೆ. ಏನೇ ತೋರಿಸಿ ಕೇಳಿದರೂ ಒಂದೇ ಮಂತ್ರ: "ಎಲ್ಲಾದಕ್ಕೂ ಆಗುತ್ತೆ ಸಾರ್." ಮೂರನೆಯವರು ಮಡಿವಂತರು. ಕಂಪನಿಯ ಡಬ್ಬಿ, ಕಂಪನಿಯ ಸೀಲು, ಒಡೆಯದ ಪೊಟ್ಟಣ ಇದ್ದರೆ ಮಾತ್ರ ಮುಟ್ಟುವವರು. ಯಾರದೋ ಗೋಡೌನಿನಲ್ಲಿ 1985ರ ಮಾಲು ಸಿಕ್ಕಿತು ಅಂತ ಬಂಗಾರದ ಬೆಲೆ ತೆತ್ತು ತಂದು ಹಾಲು ತುಪ್ಪ ಎರೆಯುತ್ತಾರೆ. ರಬ್ಬರಿಗೆ ಪೊಟ್ಟಣದೊಳಗೂ ವಯಸ್ಸಾಗುತ್ತದೆ ಎಂಬುದನ್ನು ಅವರಿಗೆ ಹೇಳುವವರಿಲ್ಲ. ಗಟ್ಟಿಯಾದ ಸೀಲು ನಾಲ್ಕು ಹಂಪ್ ಕಂಡೊಡನೆ ಬಾಯಿಬಿಡುತ್ತದೆ. ಪೊಟ್ಟಣ ಮಾತ್ರ ಇನ್ನೂ ಹೊಸದಾಗಿಯೇ ಷೋಕೇಸಿನಲ್ಲಿರುತ್ತದೆ.

ಅಂಗಡಿಯವರ ಮಂತ್ರಕ್ಕೆ ತಲೆದೂಗುವ ಮೊದಲು ಒಂದು ಟೇಪು ಜೇಬಿನಲ್ಲಿರಲಿ. ಮೇಲಿನ ಬೋಲ್ಟಿನ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿನವರೆಗೆ ಅಳೆಯಿರಿ. ಹಳೆಯದು ಎಷ್ಟೋ, ಹೊಸದೂ ಅಷ್ಟೇ ಇರಬೇಕು. "ಒಂದಿಂಚು ಜಾಸ್ತಿ ಇದ್ರೆ ಏನೀಗ, ಗಾಡಿ ಎತ್ತರವಾಗಿ ಗತ್ತಾಗಿ ಕಾಣುತ್ತೆ" ಅನ್ನುವ ಹುಡುಗರಿದ್ದಾರೆ. ಕಾಣುತ್ತದೆ, ನಿಜ. ಹಿಂಬದಿ ಎದ್ದರೆ ಮುಂದಿನ ಫೋರ್ಕ್ ನೆಟ್ಟಗಾಗುತ್ತದೆ. ಗಾಡಿ ಗಲ್ಲಿಯಲ್ಲಿ ಚುರುಕಾಗಿ ತಿರುಗುತ್ತದೆ, ಹೈವೇಯಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ. ಅದಕ್ಕಿಂತ ಮಜಾ ಮನೆಗೆ ಬಂದ ಮೇಲೆ. ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲ ಬಿಟ್ಟು ಏಳುವುದೇ ಇಲ್ಲ, ಯಾಕೆಂದರೆ ಶಾಕಬ್ಸರ್ ಉದ್ದವಾದಷ್ಟೂ ಚಕ್ರ ಕೆಳಕ್ಕೆ ಜೋತುಬೀಳುತ್ತದೆ. ಪಂಕ್ಚರ್ ಆದ ದಿನ ಸ್ಟ್ಯಾಂಡಿನ ಕೆಳಗೆ ಹಲಗೆ ಹುಡುಕುವ ಗತ್ತು! ಗಿಡ್ಡದ್ದು ತಂದರೋ, ಡಬಲ್ಸ್ ಹೋಗುವಾಗ ಟೈರು ಮಡ್‌ಗಾರ್ಡಿನ ಒಳಮೈಯನ್ನು ನೆಕ್ಕುತ್ತದೆ.

ಯೆಜ್ಡಿಗೆ ಇನ್ನೊಂದು ಉಪದ್ರವ ಇದೆ. ಸರಪಳಿಯನ್ನು ಪೂರ್ತಿ ಮುಚ್ಚುವ ತಗಡಿನ ಚೈನ್ ಕೇಸ್ ಒಂದು ಕಡೆ. ಇರುವ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇಟ್ಟಿದ್ದಾರಲ್ಲ ಪುಣ್ಯಾತ್ಮರು, ಆ ಕೊಳವೆಗಳು ಎರಡೂ ಕಡೆ. ದಪ್ಪ ಸ್ಪ್ರಿಂಗಿನ ಶಾಕಬ್ಸರ್ ತಂದರೆ ಇವುಗಳ ನಡುವೆ ಅದು ಉಸಿರಾಡಲು ಜಾಗ ಬೇಕಲ್ಲ? ಬೋಲ್ಟಿನ ಅಳತೆ ಹೊಂದದಿದ್ದರೆ ಲೇತಿನವರು ಬುಷ್ ಕಡೆದು ಕೊಟ್ಟಾರು. ಚೈನ್ ಕೇಸನ್ನು ಕಡೆದು ಕೊಡುವವರಿಲ್ಲ. ಸುತ್ತಿಗೆಯಿಂದ ಬಡಿದು ಜಾಗ ಮಾಡುವವರು ಮಾತ್ರ ಬೀದಿಗೊಬ್ಬರಿದ್ದಾರೆ.

ಈಗ ಪಕ್ಕದಲ್ಲಿ ಪುಟ್ಟ ಸಿಲಿಂಡರ್ ಹೊತ್ತ ಗ್ಯಾಸ್ ಶಾಕಬ್ಸರಿನ ವಿಷಯ. ಹಳದಿ ಸ್ಪ್ರಿಂಗು, ಬಂಗಾರ ಬಣ್ಣದ ಡಬ್ಬಿ. ಎಪ್ಪತ್ತೆಂಟರ ರೋಡ್‌ಕಿಂಗಿಗೆ ಇದನ್ನು ತೊಡಿಸಿದವರನ್ನು ಕಂಡಾಗ, ಕಚ್ಚೆಪಂಚೆಯ ಮೇಲೆ ಜಾಗಿಂಗ್ ಶೂ ಹಾಕಿಕೊಳ್ಳುವ ಸ್ವಾತಂತ್ರ್ಯವೂ ಸಂವಿಧಾನದಲ್ಲಿದೆ ಎಂದು ಸುಮ್ಮನಾಗುತ್ತೇನೆ. "ಗ್ಯಾಸ್ ಇದ್ರೆ ಮೆತ್ತಗೆ ಹೋಗುತ್ತೆ" ಎಂಬುದು ಊರಿನ ನಂಬಿಕೆ. ಗ್ಯಾಸಿನ ಕೆಲಸ ಮೆತ್ತಗೆ ಮಾಡುವುದಲ್ಲ. ಒಂದೇ ಸಮ ಕುಣಿದಾಗ ಎಣ್ಣೆಯಲ್ಲಿ ನೊರೆ ಏಳುತ್ತದೆ, ನೊರೆ ಎದ್ದರೆ ತಡೆಯುವ ಶಕ್ತಿ ಹೋಗುತ್ತದೆ. ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಆ ನೊರೆಯನ್ನು ಹತ್ತಿಕ್ಕುತ್ತದೆ. ಸ್ವೀಡನ್ನಿನ ಓಲಿನ್ಸ್‌ನಂಥವರು ಮಾಡುವ ನಿಜವಾದ ಡಬ್ಬಿಯಲ್ಲಿ ಎಣ್ಣೆ ಒಂದು ಕಡೆ, ಗ್ಯಾಸು ಒಂದು ಕಡೆ, ನಡುವೆ ತಡೆ. ಫುಟ್‌ಪಾತ್ ಬೆಲೆಯ ಎಷ್ಟೋ ಡಬ್ಬಿಗಳಲ್ಲಿ ಒಳಗೆ ಏನೂ ಇಲ್ಲ, ಅಲಂಕಾರ. ಹಾಲು ಪ್ಯಾಕೆಟ್ ತರಲು ಮೂರನೇ ಗೇರಿನಲ್ಲಿ ಹೋಗಿ ಬರುವವರ ಎಣ್ಣೆಯಲ್ಲಿ ನೊರೆ ಏಳುವಷ್ಟು ಸಾಹಸ ಎಲ್ಲಿಯದು? ಗ್ಯಾಸಿಲ್ಲದ ಸಾದಾ ಶಾಕಬ್ಸರೇ ಸಾಕು. ಅದನ್ನು ತಲೆಕೆಳಗಾಗಿ ಮಾತ್ರ ಕಟ್ಟಬೇಡಿ. ಎಣ್ಣೆಯ ಕೊಳವೆ ಕೆಳಗಿರಬೇಕು, ಇಲ್ಲದಿದ್ದರೆ ಗಾಳಿ ಎಳೆದುಕೊಳ್ಳುತ್ತದೆ.

ಮತ್ತೆ ಸ್ಪ್ರಿಂಗಿಗೆ ಬರೋಣ, ಜಾತ್ರೆ ಇರುವುದೇ ಅಲ್ಲಿ. ಮೇಲ್ಗಡೆ ಸುರುಳಿಗಳು ಹತ್ತಿರ ಹತ್ತಿರ, ಕೆಳಗಡೆ ದೂರ ದೂರ ಇರುವ ಸ್ಪ್ರಿಂಗ್ ನೋಡಿದ್ದೀರಲ್ಲ? ಹತ್ತಿರದ ಸುರುಳಿ ಮೇಲಿರಬೇಕೋ ಕೆಳಗಿರಬೇಕೋ ಎಂಬ ವಿಷಯಕ್ಕೆ ಮೈಸೂರಿನ ಕಾಫಿ ಹೋಟೆಲುಗಳಲ್ಲಿ ಎರಡೆರಡು ಲೋಟ ಕಾಫಿ ಆರಿಹೋಗುವುದುಂಟು. ಗಡಸಿನ ಲೆಕ್ಕದಲ್ಲಿ ಎರಡೂ ಒಂದೇ. ಹತ್ತಿರದ ಸುರುಳಿಗಳ ಕಡೆ ತೂಕ ಹೆಚ್ಚು, ಅವು ಮೇಲಿದ್ದರೆ ಚಕ್ರದ ಜೊತೆ ಕುಣಿಯುವ ಭಾರ ಕೊಂಚ ಕಡಿಮೆ, ಅಷ್ಟೆ. ಜಗಳವಾಡಬೇಕಾದ ಜಾಗ ತಂತಿಯ ದಪ್ಪ. 7 ಮಿ.ಮೀ. ತಂತಿಯ ಬದಲು 8 ಮಿ.ಮೀ. ತಂತಿ ಬಂದರೆ, ಸುರುಳಿಯ ಅಗಲ, ಸಂಖ್ಯೆ ಎಲ್ಲ ಹಾಗೇ ಇದ್ದರೂ, ಸ್ಪ್ರಿಂಗ್ ಸುಮಾರು ಶೇ. 70ರಷ್ಟು ಗಡಸಾಗುತ್ತದೆ. ದಪ್ಪದ ನಾಲ್ಕನೇ ಘಾತದ ಲೆಕ್ಕ ಅದು. ಕಣ್ಣಿಗೆ ಕಾಣದ ಒಂದು ಮಿ.ಮೀ., ಸೊಂಟಕ್ಕೆ ಚೆನ್ನಾಗಿ ಕಾಣುತ್ತದೆ. ಗಾಡಿ ತಗ್ಗಿಸಲು ಒಂದು ಸುರುಳಿ ಕತ್ತರಿಸಿಬಿಡುವ ಶೂರರೂ ಇದ್ದಾರೆ. ಕತ್ತರಿಸಿದಷ್ಟೂ ಸ್ಪ್ರಿಂಗ್ ಗಡಸಾಗುತ್ತದೆ ಎಂದರೆ ಅವರು ನಗುತ್ತಾರೆ. ನಗಲಿ, ಗಾಡಿ ಓಡಿಸುವಾಗ ನಗುವುದು ಕಷ್ಟ.

"ಟೈಟ್ ಮಾಡಿದ್ರಾಯ್ತು ಬಿಡಿ" ಅಂತ ಸ್ಪ್ರಿಂಗಿನ ಕೆಳಗಿನ ಉಂಗುರಕ್ಕೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಬಡಿಯುವ ಮೆಕ್ಯಾನಿಕ್‌ನನ್ನು ಸ್ವಲ್ಪ ತಡೆಯಿರಿ. ಉಂಗುರ ತಿರುಗಿಸಿದರೆ ಸ್ಪ್ರಿಂಗಿನ ಗಡಸು ಬದಲಾಗುವುದಿಲ್ಲ, ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ. ಮೆತ್ತನೆಯ ಸ್ಪ್ರಿಂಗ್ ಎಷ್ಟು ತಿರುಗಿಸಿದರೂ ಮೆತ್ತಗೇ. ಹಾಗಾದರೆ ಸರಿಯಾದ ಸ್ಪ್ರಿಂಗ್ ಎಂದು ತಿಳಿಯುವುದು ಹೇಗೆ? ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ನೆಲದಿಂದ ಎದ್ದಿರುವಾಗ ಎರಡು ಬೋಲ್ಟುಗಳ ನಡುವಿನ ಅಳತೆ ಬರೆದುಕೊಳ್ಳಿ. ಆಮೇಲೆ ಸ್ಟ್ಯಾಂಡ್ ತೆಗೆದು ಯಜಮಾನರು ಆರೋಹಣ ಮಾಡಲಿ, ಎರಡೂ ಕಾಲು ಮೇಲಿಟ್ಟು, ಹೆಲ್ಮೆಟ್ ಸಮೇತ. ಒಬ್ಬರು ಹ್ಯಾಂಡಲ್ ಹಿಡಿದಿರಲಿ, ಇನ್ನೊಬ್ಬರು ಮತ್ತೆ ಅಳೆಯಲಿ. ಶಾಕಬ್ಸರ್ ಒಟ್ಟು 80 ಮಿ.ಮೀ. ಒಳಹೋಗುವಂಥದ್ದಾದರೆ 25ರ ಆಸುಪಾಸು ಕುಸಿದಿರಬೇಕು, ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಹತ್ತೇ ಕುಸಿದರೆ ಸ್ಪ್ರಿಂಗ್ ನಿಮಗಿಂತ ಬಲಶಾಲಿ. ಐವತ್ತಾದರೆ... ಬೇಡ, ಆ ಮಾತು ಮನೆಯವರ ಬಾಯಿಂದಲೇ ಬರಲಿ. ಯಾಕೆಂದರೆ ಅಳೆಯಲು ಕೂತಿರುವುದು ಬಹುಮಟ್ಟಿಗೆ ಅವರೇ, ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ತೆಗೆದ ಟೇಪು ಹಿಡಿದು. ಎಷ್ಟೋ ವರ್ಷಗಳಿಂದ ಯಜಮಾನರು ಕೊಡದೆ ತಪ್ಪಿಸಿಕೊಂಡ ಲೆಕ್ಕವನ್ನು ಸ್ಪ್ರಿಂಗ್ ಒಂದೇ ನಿಮಿಷದಲ್ಲಿ ಒಪ್ಪಿಸುತ್ತದೆ.

ನನ್ನನ್ನು ಕೇಳಿದರೆ, ಮೊದಲು ಹಳೆಯದನ್ನೇ ಬಿಚ್ಚಿಸಿ ನೋಡಿ. ಒಳಗಿನ ರಾಡಿನಲ್ಲಿ ತುಕ್ಕಿನ ಗುಳಿ ಬಿದ್ದಿಲ್ಲದಿದ್ದರೆ, ಬಿಚ್ಚಲು ಬರುವ ಮಾದರಿಯಾದರೆ, ಹೊಸ ಸೀಲು, ಹೊಸ ಎಣ್ಣೆ ಹಾಕಿಸಿ ಇನ್ನಷ್ಟು ಕಾಲ ದುಡಿಸಿ. ರಾಡು ಹೋಗಿದ್ದರೆ ಅದೇ ಉದ್ದದ ಸಾದಾ ಜೋಡಿ ತನ್ನಿ. ಹಣ ಇದ್ದವರು, ಹಳೇ ಗಾಡಿಗಳಿಗೆಂದೇ ಮಾಡಿಕೊಡುವ ಇಂಗ್ಲೆಂಡಿನ ಹೇಗನ್‌ನಂಥವರ ಕಡೆಯಿಂದ ತರಿಸಬಹುದು. ಇಲ್ಲಿಯ ಅಂಗಡಿಯಲ್ಲಿ ನಿಮ್ಮ ಗಾಡಿಯ ಬಣ್ಣ ಕೇಳುತ್ತಾರೆ. ಅಂಥವರು ಕೇಳುವುದು ಸವಾರನ ತೂಕ. ಅಲ್ಲಿ ಅರವತ್ತೈದು ಅಂತ ಬರೆದರೆ ಅರವತ್ತೈದಕ್ಕೇ ಸ್ಪ್ರಿಂಗ್ ಬರುತ್ತದೆ, ಎಚ್ಚರ.

ಡಬಲ್ಸ್ ಹೋಗುವುದಿದ್ದರೆ ಹಿಂದೆ ಕೂರುವವರ ತೂಕವನ್ನೂ ತಿಳಿಸಬೇಕಾಗುತ್ತದೆ. ಅದನ್ನು ನೀವೇ ಹೋಗಿ ಕೇಳಿಕೊಂಡು ಬನ್ನಿ. ನಾನು ಇಲ್ಲೇ ಗಾಡಿ ಹಿಡಿದುಕೊಂಡಿರುತ್ತೇನೆ.